ಟರ್ಕಿ–ಇಯು (ಐರೋಪ್ಯ ಒಕ್ಕೂಟ) ಸದಸ್ಯತ್ವ ಮಾತುಕತೆ ಅಮಾನತಾಗಬೇಕೇ?

ಪರ: ಆಗಲಿ
*(ರಾಜ್ಯಶಾಸ್ತ್ರ ಅಧ್ಯಾಪಕಿ, ಉಡುಪಿ)*

ಐರೋಪ್ಯ ಒಕ್ಕೂಟ ಸೇರಬೇಕಾದರೆ 1993ರ ಕೋಪನ್‌ಹೇಗನ್ ಮಾನದಂಡ ಮುಟ್ಟಬೇಕು: ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ. ಟರ್ಕಿ ಎಷ್ಟು ದೂರವಿದೆ ಎಂದು ನೋಡಲು ಉದ್ಯಮಿ, ಹಕ್ಕುಗಳ ಹೋರಾಟಗಾರ ಒಸ್ಮಾನ್ ಕವಾಲಾ ಪ್ರಕರಣ ಒಂದೇ ಸಾಕು. ಬಂಧನ 2017ರ ಅಕ್ಟೋಬರ್‌ನಲ್ಲಿ. 2019ರ ಡಿಸೆಂಬರ್‌ನಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ ತಕ್ಷಣ ಬಿಡಿ ಎಂದಿತು. 2020ರ ಫೆಬ್ರವರಿಯಲ್ಲಿ ಟರ್ಕಿಯದೇ ಕೋರ್ಟು ಖುಲಾಸೆ ಮಾಡಿತು. ಅದೇ ದಿನ ಬೇರೆ ಆರೋಪ ಹೊರಿಸಿ ಮತ್ತೆ ಹಿಡಿದರು. 2022ರಲ್ಲಿ ಜೀವಾವಧಿ ಶಿಕ್ಷೆ. 2021ರಲ್ಲಿ, ಇಸ್ತಾಂಬುಲ್‌ನಲ್ಲೇ ಸಹಿಯಾಗಿದ್ದ ಮಹಿಳಾ ದೌರ್ಜನ್ಯ ತಡೆ ಒಪ್ಪಂದದಿಂದಲೂ ದೇಶ ಹೊರಬಿತ್ತು.

ಅಮಾನತಾದ ಮಾತ್ರಕ್ಕೆ ಜೈಲಿನ ಬಾಗಿಲು ತೆರೆಯುತ್ತದೆ ಎಂದೇನಲ್ಲ. ಆದರೂ 2019ರಲ್ಲಿ ಐರೋಪ್ಯ ಸಂಸತ್ತು ಇದನ್ನೇ ಶಿಫಾರಸು ಮಾಡಿತ್ತು. ಮಾತನಾಡುತ್ತಾ ಇದ್ದರೆ ಎಲ್ಲ ಸರಿಹೋದೀತು ಎನ್ನುವವರಿಗೆ ವಾಯಿದೆ ಮೇಲೆ ವಾಯಿದೆ ಸಿಕ್ಕರೂ ಸಂತೋಷವೇ.

ವಿರೋಧ: ಖಂಡಿತ ಬೇಡ
*(ವಕೀಲ, ಮಂಗಳೂರು)*

ಸ್ಟ್ರಾಸ್‌ಬರ್ಗ್ ಕೋರ್ಟು ಇಯುವಿನದ್ದಲ್ಲ, ಟರ್ಕಿಯೂ ಸದಸ್ಯನಾಗಿರುವ ಬೇರೆಯದೇ ಸಂಸ್ಥೆ ಕೌನ್ಸಿಲ್ ಆಫ್ ಯುರೋಪಿನದು. ಕವಾಲಾ ವಿಷಯ ಅಲ್ಲಿಗೆ ಬಿಡೋಣ.

ಸದಸ್ಯತ್ವದ ಆಸೆ ಇದ್ದಾಗ ಏನೇನಾಯಿತು ನೋಡಿ. 1999ರಲ್ಲಿ ಹೆಲ್ಸಿಂಕಿ ಶೃಂಗಸಭೆ ಟರ್ಕಿಯನ್ನು ಅಭ್ಯರ್ಥಿ ದೇಶವೆಂದಿತು. 2002ರಲ್ಲಿ ಶಾಂತಿಕಾಲದ ಮರಣದಂಡನೆ ಹೋಯಿತು, 2004ರಲ್ಲಿ ಪೂರ್ತಿ ಹೋಯಿತು. ಅದೇ ವರ್ಷ ದೇಶದ ಭದ್ರತೆಯ ಮೊಕದ್ದಮೆಗಳಿಗೆಂದೇ ಇದ್ದ ವಿಶೇಷ ಕೋರ್ಟುಗಳಾದ ರಾಜ್ಯ ಭದ್ರತಾ ನ್ಯಾಯಾಲಯಗಳು ರದ್ದಾದವು. ಸಂವಿಧಾನದ 90ನೇ ವಿಧಿ ತಿದ್ದಿ, ದೇಶದ ಕಾನೂನಿಗೂ ಮಾನವ ಹಕ್ಕು ಒಪ್ಪಂದಕ್ಕೂ ತಿಕ್ಕಾಟ ಬಂದರೆ ಒಪ್ಪಂದವೇ ಮೇಲು ಎಂದರು. 2005ರಲ್ಲಿ ಮಾತುಕತೆ ಶುರುವಾಗುವ ಮೊದಲೇ ಇಷ್ಟೆಲ್ಲ!

ಆಮೇಲೆ ಕೆಡಿಸಿದ್ದು ಯಾರು? ಮಾತುಕತೆಗೆ ಒಟ್ಟು 35 ಅಧ್ಯಾಯಗಳು, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು. ಒಂದೊಂದನ್ನು ತೆರೆಯಲೂ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು. ತೆರೆದದ್ದು 16, ತಾತ್ಕಾಲಿಕವಾಗಿ ಮುಗಿದದ್ದು ವಿಜ್ಞಾನ-ಸಂಶೋಧನೆಯ ಒಂದೇ ಒಂದು. ಇಯು ಸದಸ್ಯ ದೇಶ ಸೈಪ್ರಸ್‌ನ ಹಡಗುಗಳಿಗೆ ಟರ್ಕಿ ಬಂದರು ತೆರೆಯಲಿಲ್ಲವೆಂದು 2006ರಲ್ಲಿ 8 ಅಧ್ಯಾಯ ಸ್ತಂಭನ. ಇನ್ನು ನ್ಯಾಯಾಂಗ ಮತ್ತು ಮೂಲಭೂತ ಹಕ್ಕುಗಳ 23ನೇ ಅಧ್ಯಾಯ? ಅದಕ್ಕೆ 2009ರಲ್ಲಿ ಸೈಪ್ರಸ್ ಅಡ್ಡಗಾಲು ಹಾಕಿತು. ಹಕ್ಕಿನ ಪಾಠ ತೆರೆಯಲೇ ಬಿಡದೆ ಹಕ್ಕಿನಲ್ಲಿ ಫೇಲು ಎನ್ನುವುದು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ 'ಉಡುಪಿ, ಉಡುಪಿ' ಎಂದು ಕೂಗಿ ಹತ್ತಿಸಿಕೊಂಡು ಊರೊಳಗಿನ ಕೊಟ್ಟಾರದಲ್ಲೇ ಇಳಿಸಿದ ಹಾಗೆ.

2018ರಿಂದ ಮಾತುಕತೆ ಹೇಗೂ ನಿಂತಿದೆ, ಹೊಸದಾಗಿ ಅಮಾನತು ಮಾಡಿ ಸಿಗುವುದೇನು? ಅಮಾನತಿಗೆ ಎಲ್ಲರ ಒಪ್ಪಿಗೆ ಬೇಡ, ಸದಸ್ಯ ದೇಶಗಳ ಅರ್ಹ ಬಹುಮತವೇನೋ ಸಾಕು. ನಾಳೆ ಅಂಕಾರಾದಲ್ಲಿ ಸುಧಾರಣೆಗೆ ಒಪ್ಪುವ ಸರಕಾರ ಬಂದರೂ 23ನೇ ಅಧ್ಯಾಯ ತೆರೆಯಲು 27 ದೇಶಗಳೂ ಒಪ್ಪಬೇಕು, ಸೈಪ್ರಸ್ ಕೂಡ.