ಬರೀ ನೀರು ಕುಡಿದು ಬನ್ನಿ

ರಕ್ತ ಪರೀಕ್ಷೆಗೆ 12 ಗಂಟೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಡಾಕ್ಟರು ಹೇಳಿದಾಗ ನನಗೆ ನಗು ಬಂತು. ಅದೇನು ಮಹಾ, ಅರ್ಧ ನಿದ್ದೆಯಲ್ಲೇ ಕಳೆಯುತ್ತದೆ. ಶಿವರಾತ್ರಿಗೆ ಇಡೀ ದಿನ ಉಪವಾಸ ಮಾಡುವವನು ನಾನು ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಮ್ನೆ ಇರಬಹುದಿತ್ತು. ಆ ಉಪವಾಸದ ದಿನ ಇವರಿಗೆ ಎರಡು ಸಲ ಅವಲಕ್ಕಿ, ಒಂದು ಚಿಪ್ಪು ಬಾಳೆಹಣ್ಣು, ರಾತ್ರಿಗೆ ಸಬ್ಬಕ್ಕಿ ಪಾಯಸ ಬೇಕು ಡಾಕ್ಟ್ರೇ ಅಂತ ವರದಿ ಒಪ್ಪಿಸಿದಳು. "ನೀರು ಮಾತ್ರ" ಅಂದರು ಡಾಕ್ಟರು. ಕಾಫಿ? ಕಾಫಿಯೂ ಇಲ್ಲ. ಬೆಲ್ಲ ಹಾಕದ ಕಾಫಿ? ಅವರು ಮುಂದಿನ ರೋಗಿಯನ್ನು ಕರೆದರು.

ದಿನ ಆರಿಸಿದ್ದು ನಾನೇ. ಆಗಸ್ಟ್ 3. ಕೊಡಗಿನಲ್ಲಿ ಇಷ್ಟು ವರ್ಷ ಅನ್ನ ತಿಂದ ಮೇಲೂ ಈ ತಾರೀಕು ನೆನಪಿಲ್ಲದವನಿಗೆ ಏನಾಗಬೇಕೋ ಅದೇ ಆಯಿತು. ಅಂದು ಕಕ್ಕಡ 18, ಅಂದರೆ ಕೊಡವರ ಕಕ್ಕಡ ಅನ್ನುವ ಮಳೆಗಾಲದ ತಿಂಗಳ ಹದಿನೆಂಟನೇ ದಿನ. ಆ ದಿನ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ಇಲ್ಲಿಯವರ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ, ಆ ನೀರಿನಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿ ಹಾಕಿದರೆ ಪಾಯಸ. ನಾವು ಮೈಸೂರು ಕಡೆಯವರು, ಆದರೆ ಪಕ್ಕದ ಮನೆಯವರಿಂದ ಕಲಿತು ನನ್ನ ಹೆಂಡತಿ ಈಗ ಅವರಿಗೇ ಕೊಟ್ಟು ಕಳಿಸುವಷ್ಟು ಮಾಡುತ್ತಾಳೆ. ಬೆಳಿಗ್ಗೆ ಐದಕ್ಕೇ ಆ ಸೊಪ್ಪಿನ ವಾಸನೆ ಕಂಬಳಿಯೊಳಗೆ ನುಗ್ಗಿ ನನ್ನನ್ನು ಎಬ್ಬಿಸಿತು. ಹಿಂದಿನ ರಾತ್ರಿ ಏಳೂವರೆಗೆ ಊಟ ಮುಗಿಸಿದ್ದೆ. ಒಂದು ಲೋಟ ನೀರು ಕುಡಿದೆ. ಪರೀಕ್ಷೆ ಆದ ಮೇಲೆ ತಿನ್ನಿ ಅಂತ ಅವಳು ಬಿಸಿ ಪಾಯಸವನ್ನು ಡಬ್ಬಿಗೆ ಹಾಕಿ, ಮೇಲೆ ಜೇನು ಸುರಿದು ಕೈಗೆ ಕೊಟ್ಟಳು.

ನಾಪೋಕ್ಲು ಕಡೆಯಿಂದ ಮಡಿಕೇರಿಗೆ ಹೊರಟ ಜೀಪು ಮೂರ್ನಾಡು ತಲುಪುವ ಮೊದಲೇ ನಿಂತಿತು. ರಸ್ತೆಗೆ ಅಡ್ಡ ಒಂದು ದೊಡ್ಡ ಮರ. ಕಕ್ಕಡದ ಮಳೆಗೆ ಇದೇನು ಹೊಸದಲ್ಲ, ಗರಗಸದವರು ಬರುವವರೆಗೆ ಕಾಯಬೇಕು ಅಷ್ಟೆ. ಅವರು ಬಂದದ್ದು ಒಂಬತ್ತೂವರೆಗೆ.

ಕಾಯುವುದು ಬೇರೆ ಊರಿನಲ್ಲಿ ಆಗಿದ್ದರೆ ಸುಲಭ. ಕೊಡಗಿನಲ್ಲಿ ಮನೆ ಮುಂದೆ ನಾಲ್ಕು ಜನ ನೆನೆದುಕೊಂಡು ನಿಂತರೆ ಒಳಗಿನಿಂದ ಕಾಫಿ ಬಂದೇ ಬರುತ್ತದೆ. ಬಂತು. ಬೆಲ್ಲದ ಕಾಫಿ, ಹೊಗೆಯಾಡುತ್ತಾ. ಹಿಂದೆಯೇ ಒಂದು ಪಾತ್ರೆ ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ, ಅದರ ಜೊತೆಗೆ ಎಳೆ ಬಿದಿರಿನ ಕಣಿಲೆ ಸಾರು. ನಾನು ಬೇಡ ಅಂದೆ. ಆ ಮನೆಯ ಹಿರಿಯರು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅವರ ಮಗಳ ಮದುವೆಗೆ ಕರೆದು ನಾನು ಹೋಗಲಿಲ್ಲವೇನೋ ಅನ್ನುವ ಹಾಗೆ. ರಕ್ತ ಪರೀಕ್ಷೆ ಅಂದೆ. "ಕಾಫಿ ಕುಡಿದ್ರೆ ರಕ್ತ ಎಲ್ಲಿಗೆ ಓಡಿ ಹೋಗ್ತದೆ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ನೀರು ಕೇಳಿದೆ. ಎರಡು ಚೊಂಬು ಕುಡಿದೆ.

ಹೊಟ್ಟೆ ಗುಡುಗಲು ಶುರುವಾದದ್ದು ಆಗ. ಪುಣ್ಯಕ್ಕೆ ಸಿಗ್ನಲ್ ಎರಡು ಕಡ್ಡಿ ಇತ್ತು, ನರ್ಸಿಂಗ್ ಓದುವ ಮಗಳಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳಿಗೆ ಪಾಠ ಒಪ್ಪಿಸಲು ಒಬ್ಬ ಸಿಕ್ಕಿದ ಖುಷಿ. ಗ್ರೆಲಿನ್ ಅಂತ ಒಂದು ಹಾರ್ಮೋನು ಇದೆಯಂತೆ, ದಿನಾ ತಿನ್ನುವ ಹೊತ್ತಿಗೆ ಸರಿಯಾಗಿ ಏರಿ ಹಸಿವು ತರುತ್ತದೆ, ನಾವು ತಿನ್ನದಿದ್ದರೂ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಗುಡುಗುಡು ಸದ್ದು ಕರುಳು ತನ್ನನ್ನು ತಾನೇ ಗುಡಿಸಿಕೊಳ್ಳುವುದು, ಖಾಲಿ ಇದ್ದಾಗ ಒಂದೂವರೆ ಎರಡು ಗಂಟೆಗೊಮ್ಮೆ ಹಾಗೆ ಮಾಡುತ್ತದೆ. ನನ್ನ ಹೊಟ್ಟೆ ಅಂದು ಗುಡಿಸಿ, ಸಾರಿಸಿ, ರಂಗೋಲಿಯನ್ನೂ ಹಾಕಿ ಮುಗಿಸಿತ್ತು. ಸ್ಕಾಟ್ಲೆಂಡಿನಲ್ಲಿ ಆಂಗಸ್ ಬಾರ್ಬಿಯೆರಿ ಅಂತ ಒಬ್ಬ 1965ರಲ್ಲಿ ಶುರು ಮಾಡಿ 382 ದಿನ ಊಟವೇ ಮಾಡಲಿಲ್ಲ ಅಪ್ಪಾ, ಡಾಕ್ಟರುಗಳ ಕಣ್ಣಿನಡಿಯಲ್ಲೇ, ವಿಟಮಿನ್ ಮಾತ್ರೆ ತಗೊಂಡು, ಅಂದಳು. ನನಗೆ ಸ್ವಲ್ಪ ನಾಚಿಕೆಯಾಯಿತು. ಆಮೇಲೆ ಅವಳೇ ಸೇರಿಸಿದಳು, ಅವನಿಗೆ ಚಹಾ, ಕರಿ ಕಾಫಿ ಕುಡಿಯಲು ಬಿಟ್ಟಿದ್ದರಂತೆ. ನಾಚಿಕೆ ಹೋಯಿತು. ಕಾಫಿ ಕೊಟ್ಟರೆ ಯಾರು ಬೇಕಾದರೂ ಇರುತ್ತಾರೆ, ಅಲ್ವಾ?

ಮಡಿಕೇರಿಯ ಲ್ಯಾಬು ಮುಟ್ಟಿದಾಗ ಹನ್ನೊಂದೂಕಾಲು. ರಕ್ತ ತೆಗೆಯುವವರು ತಿಂಡಿಗೆ ಹೋಗಿದ್ದರು. ಇದನ್ನು ಹೇಳಿದ ಹುಡುಗಿ ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ. ಅವರು ಬಂದರು, ಕರೆಂಟು ಹೋಯಿತು. ಕರೆಂಟು ಬಂತು, ನನ್ನ ಚೀಟಿ ಕಾಣೆಯಾಯಿತು. ಹನ್ನೆರಡೂವರೆಗೆ ಸೂಜಿ ಚುಚ್ಚಿದರು. 17 ಗಂಟೆ. ನೋವೇ ಗೊತ್ತಾಗಲಿಲ್ಲ, ನನ್ನ ಕಣ್ಣೆಲ್ಲಾ ಡಬ್ಬಿಯ ಮೇಲೆ. ಮೂತ್ರದ ಸ್ಯಾಂಪಲ್ಲೂ ಬೇಕು ಅಂದರು. ಕುಡಿದ ನೀರೆಲ್ಲಾ ದಾರಿಯ ಕಾಫಿ ತೋಟಗಳಿಗೆ ಸೇರಿಯಾಗಿತ್ತು. ಸರಿ, ಊಟ ಮಾಡಿ ಎರಡು ಗಂಟೆ ಬಿಟ್ಟು ಹೇಗೂ ಇನ್ನೊಮ್ಮೆ ರಕ್ತ ಕೊಡಲು ಬರಬೇಕಲ್ಲ, ಆಗಲೇ ಕೊಡಿ ಅಂದರು.

ಜೀಪಿನಲ್ಲಿ ಕೂತು ಡಬ್ಬಿ ತೆಗೆದೆ. ಸಕ್ಕರೆ ಪರೀಕ್ಷೆಗೆ ಬಂದವನು ಎರಡು ಹೊತ್ತಿನ ಪಾಯಸವನ್ನು ಒಂದೇ ಹೊತ್ತಿಗೆ ಮುಗಿಸಿದೆ. ಡಬ್ಬಿಯ ಮೂಲೆಯನ್ನು ಬೆರಳಿನಿಂದ ಬಳಿದದ್ದನ್ನು ಡ್ರೈವರ್ ನೋಡಿದ, ನೋಡಲಿ.

ಮೂರು ಗಂಟೆ ಹತ್ತಿರ ಸ್ಯಾಂಪಲ್ ಬಾಟಲಿಯನ್ನು ಕೌಂಟರಿನ ಮೇಲಿಟ್ಟೆ. ಆ ಹುಡುಗಿ ಬೇರೆ ಜಿಲ್ಲೆಯವಳು, ಹೊಸಬಳು. ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು. ಕೆಂಪು ಕೆಂಪು! "ಸರ್, ನೋವಿದೆಯಾ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂತ ಕುರ್ಚಿ ಎಳೆದಳು, ನಾನೂ ಗಾಬರಿಯಾಗಿ ಕೂತೆ, ಹೆಂಡತಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ. ಒಳಗಿನಿಂದ ಇಲ್ಲಿಯವರೇ ಆದ ಹಿರಿಯ ಸಿಸ್ಟರ್ ಬಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ಮದ್ದು ಪಾಯಸ ಎಷ್ಟು ಬಟ್ಟಲು?"

"ಒಂದು ಡಬ್ಬಿ" ಅಂದೆ.

ಅವರು ನಕ್ಕರು, ಮದ್ದು ಸೊಪ್ಪು ತಿಂದವರೆಲ್ಲರಿಗೂ ಹೀಗೇ ಅಂತ ಆ ಹುಡುಗಿಗೆ ಹೇಳಿದರು. ಆಮೇಲೆ ನನ್ನ ಚೀಟಿಯಲ್ಲಿ 17 ಗಂಟೆ ಅಂತ ಬರೆದದ್ದನ್ನು ನೋಡಿ ನಗು ನಿಲ್ಲಿಸಿದರು. ಅಷ್ಟು ಜಾಸ್ತಿ ಹೊತ್ತು ಖಾಲಿ ಇದ್ದರೂ ಲೆಕ್ಕ ಸರಿ ಬರುವುದಿಲ್ಲವಂತೆ. ಎಲ್ಲಾ ಇನ್ನೊಮ್ಮೆ ಮಾಡಿಬಿಡೋಣ, ನಾಳೆ ಬೆಳಿಗ್ಗೆ ಬರೀ ನೀರು ಕುಡಿದು ಬನ್ನಿ ಅಂದರು.

ನಾಳಿದ್ದು ಬರುತ್ತೇನೆ ಅಂದೆ. ಮನೆಯಲ್ಲಿ ಪಾತ್ರೆಯ ತಳದಲ್ಲಿ ಇನ್ನೂ ಪಾಯಸ ಇತ್ತು.