ನೂರು ಬಸ್ಕಿಯ ಲೆಕ್ಕ

ಬಸ್ಕಿ ಒಂದೇ, ಅರ್ಥ ಎರಡು. ಗರಡಿಮನೆಯಲ್ಲಿ ಹೊಡೆದರೆ ಸಾಮು. ಶಾಲೆಯಲ್ಲಿ ಕಿವಿ ಹಿಡಿದುಕೊಂಡು ಹೊಡೆದರೆ ಶಿಕ್ಷೆ. ಇಷ್ಟು ಗೊತ್ತಿರುವ ಕನ್ನಡಿಗನಿಗೆ ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳ ವೇಟ್ ರೂಮ್, ಅಂದರೆ ಭಾರ ಎತ್ತುವ ಕೋಣೆ, ಅರ್ಧ ಅರ್ಥವಾದ ಹಾಗೆಯೇ. ಉಳಿದರ್ಧಕ್ಕೆ ಸ್ವಲ್ಪ ಲೆಕ್ಕ ಬೇಕು.

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಅಡ್ಡ ಬಂದವನನ್ನು ಕೆಡವುವ ಆಟ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯೊಳಗೆ 12 ಪಂದ್ಯ, ಗೆದ್ದವರಿಗೆ ಡಿಸೆಂಬರ್-ಜನವರಿಯಲ್ಲಿ ಇನ್ನೊಂದಿಷ್ಟು, ವಸಂತದಲ್ಲಿ 15 ದಿನದ ಅಭ್ಯಾಸ. ಮಿಕ್ಕ ತಿಂಗಳೆಲ್ಲ ಹುಡುಗರ ಒಡನಾಟ ಚೆಂಡಿಗಿಂತ ಕಬ್ಬಿಣದ ಜೊತೆ, ಮುಖ್ಯ ಕೋಚ್‌ಗಿಂತ ಭಾರ ಎತ್ತಿಸಿ ಬಲ ಬೆಳೆಸುವ ಸ್ಟ್ರೆಂತ್ ಕೋಚ್ ಜೊತೆ. ತಂಡದಲ್ಲಿ ನೂರಕ್ಕೂ ಹೆಚ್ಚು ಜನ, ಮೈದಾನದಲ್ಲಿ ಒಮ್ಮೆಗೆ 11. ಮೊದಲ ವರ್ಷದವರನ್ನು ‘ರೆಡ್‌ಶರ್ಟ್’ ಎಂದು ಆ ವರ್ಷ ಹೆಚ್ಚು ಆಡಿಸದೆ ಕೂರಿಸುವುದು ಮಾಮೂಲು. ಶನಿವಾರದ ಪಂದ್ಯದಲ್ಲಿ ಬೆಂಚು ಬಿಟ್ಟು ಏಳದ ಹುಡುಗ ಫೆಬ್ರವರಿಯ ಹಿಮದಲ್ಲಿ ಬೆಳಿಗ್ಗೆ ಆರಕ್ಕೆ ಭಾರ ಎತ್ತಲು ಯಾಕಾದರೂ ಬರಬೇಕು? ‘ಟೀಮ್ ಕಲ್ಚರ್’ ಎಂದು ಇಲ್ಲಿ ಮೂರು ಹೊತ್ತೂ ಜಪಿಸುವುದು ಈ ಪ್ರಶ್ನೆಯ ಸುತ್ತಲೇ. ಉತ್ತರ ಎರಡು ಥರ: ಒಂದು ಹೆದರಿಕೆ, ಇನ್ನೊಂದು ಲೆಕ್ಕದ ಪುಸ್ತಕ.

ಲೆಕ್ಕದ ದಾರಿ ಗಟ್ಟಿಯಾಗಿ ಶುರುವಾದದ್ದು ನೆಬ್ರಾಸ್ಕಾದ ಲಿಂಕನ್‌ನಲ್ಲಿ. ಬಾಯ್ಡ್ ಎಪ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೋಲೂರಿ ಜಿಗಿಯುವ ಪೋಲ್ ವಾಲ್ಟ್ ಆಟಗಾರ. ಬೆನ್ನಿಗೆ ಪೆಟ್ಟಾಗಿ ಭಾರ ಎತ್ತಿ ಚೇತರಿಸಿಕೊಳ್ಳುತ್ತಿದ್ದವನು. ಗಾಯಗೊಂಡ ಫುಟ್‌ಬಾಲ್ ಹುಡುಗರು ಅವನನ್ನು ನೋಡಿ ತಾವೂ ಎತ್ತತೊಡಗಿದರು. 1969ರಲ್ಲಿ ಮುಖ್ಯ ಕೋಚ್ ಬಾಬ್ ಡೆವನಿ ಅವನನ್ನು ಕೆಲಸಕ್ಕಿಟ್ಟುಕೊಂಡರು, ಆದರೆ ಆಟಗಾರರಲ್ಲಿ ಯಾವನಾದರೂ ಓಟದಲ್ಲಿ ನಿಧಾನವಾದರೆ ಎಪ್ಲಿಯೇ ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತದೆ ಎಂಬ ಷರತ್ತಿನ ಮೇಲೆ. ಭಾರ ಎತ್ತಿದರೆ ಮೈ ಬಿಗಿದು ಓಟ ಕುಂದುತ್ತದೆ ಎಂಬ ನಂಬಿಕೆಯ ಕಾಲ ಅದು. ಷರತ್ತು ಅಂಥದ್ದಾದ ಮೇಲೆ ಅಳೆಯದೆ ವಿಧಿಯಿರಲಿಲ್ಲ. 1970, 1971 ಎರಡೂ ವರ್ಷ ನೆಬ್ರಾಸ್ಕಾ ರಾಷ್ಟ್ರೀಯ ಚಾಂಪಿಯನ್ ಆಯಿತು. 1978ರಲ್ಲಿ ಎಪ್ಲಿ ಕಟ್ಟಿದ ಎನ್‌ಎಸ್‌ಸಿಎ ಸಂಘ ಇವತ್ತು ಸ್ಟ್ರೆಂತ್ ಕೋಚ್‌ಗಳಿಗೆ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುತ್ತದೆ.

ಲೆಕ್ಕ ಹೇಗಿರುತ್ತದೆ ಎಂದರೆ, ಪ್ರತಿ ಹುಡುಗನಿಗೂ ಒಂದು ಕಾರ್ಡು. ಬಾರ್ ಹೆಗಲಿಗೇರಿಸಿ ಒಂದೇ ಒಂದು ಬಸ್ಕಿಯಲ್ಲಿ ಎತ್ತಬಲ್ಲ ಗರಿಷ್ಠ ಭಾರ 500 ಪೌಂಡ್, ಅಂದರೆ 227 ಕಿಲೋ ಎಂದುಕೊಳ್ಳಿ. ಒಂದು ಸಾಧಾರಣ ಯೋಜನೆಯಲ್ಲಿ ಮೊದಲ ವಾರ 350 ಪೌಂಡ್, ಐದೈದರಂತೆ ಐದು ಸುತ್ತು. ಎರಡನೇ ವಾರ 375. ಮೂರನೇ ವಾರ 400, ಸುತ್ತಿಗೆ ಮೂರೇ. ನಾಲ್ಕನೇ ವಾರ 300ಕ್ಕೆ ಇಳಿಕೆ, ಯಾಕೆಂದರೆ ಬಲ ಬರುವುದು ಎತ್ತುವಾಗಲ್ಲ, ಎತ್ತಿದ್ದರಿಂದ ಮೈ ಚೇತರಿಸಿಕೊಳ್ಳುವಾಗ. ಆರು ವಾರಕ್ಕೊಮ್ಮೆಯೋ ಎಂಟಕ್ಕೊಮ್ಮೆಯೋ ಮತ್ತೆ ಗರಿಷ್ಠದ ಪರೀಕ್ಷೆ, ಫಲಿತಾಂಶ ಗೋಡೆಯ ಹಲಗೆಯ ಮೇಲೆ. ಬೆಂಚಿನಿಂದ ಏಳದ ಹುಡುಗನಿಗೆ ಆ ಹಲಗೆಯೇ ಶನಿವಾರ.

ಕೆಡುವುದೂ ಇಲ್ಲೇ. ಪರೀಕ್ಷೆಯ ದಿನ ಸಂಗೀತ ಜೋರು, ಸುತ್ತ ಕೂಗಾಟ. ತೊಡೆ ನೆಲಕ್ಕೆ ಸಮನಾಗುವಷ್ಟು ಕೂರದೆ ಮುಕ್ಕಾಲಿಗೇ ಎದ್ದವನ ಹೆಸರಿನ ಮುಂದೂ 500 ಎಂದೇ ಬೀಳುತ್ತದೆ. ಅವನ ನಿಜವಾದ ಗರಿಷ್ಠ 450 ಇದ್ದರೆ, ಕಾರ್ಡಿನಲ್ಲಿ 80 ಪರ್ಸೆಂಟ್ ಎಂದು ಬರೆದ 400 ಪೌಂಡ್ ಅವನ ಬೆನ್ನಿಗೆ 89 ಪರ್ಸೆಂಟ್. ಮೂರನೇ ವಾರಕ್ಕೆ ಸೊಂಟ ಗೂನಾಗುತ್ತದೆ, ಮೊಣಕಾಲು ಒಳಕ್ಕೆ ವಾಲುತ್ತದೆ, ಕೋಚ್ ‘ಮನಸ್ಸು ಗಟ್ಟಿ ಇಲ್ಲ’ ಎಂದು ಬೈಯುತ್ತಾನೆ. ಮನಸ್ಸು ಸರಿಯಾಗಿಯೇ ಇದೆ, ತಪ್ಪಿರುವುದು ಹಲಗೆ. ಬಾರಿನ ಹಿಂದೊಬ್ಬ, ಎರಡು ತುದಿಗೆ ಒಬ್ಬೊಬ್ಬ ಆಸರೆಗೆ ನಿಂತಿರುತ್ತಾರಲ್ಲ, ಆ ಮೂವರಲ್ಲಿ ಒಬ್ಬನಾದರೂ ‘ಅದು ಪೂರ್ತಿ ಕೂತಿದ್ದಲ್ಲ, ಲೆಕ್ಕಕ್ಕಿಲ್ಲ’ ಎಂದು ಗೆಳೆಯನ ಮುಖಕ್ಕೇ ಹೇಳುತ್ತಾನೋ ಇಲ್ಲವೋ? ನನ್ನನ್ನು ಕೇಳಿದರೆ ತಂಡದ ಕಲ್ಚರ್ ಅಂದರೆ ಅಷ್ಟೇ. ಗೋಡೆಯ ಘೋಷಣೆಗಳನ್ನು ಬಣ್ಣದ ಖರ್ಚಿಗೆ ಬರೆದುಕೊಳ್ಳಬಹುದು. ಗರಡಿಯ ಗೋಡೆಯಲ್ಲಿ ಹನುಮಂತ ಇರುತ್ತಾನೆ. ಅವನು ಮಾತಾಡುವುದಿಲ್ಲ ಅನ್ನುವುದೇ ಒಂದು ಅನುಕೂಲ.

ಮೈಸೂರಿನ ಗರಡಿಗಳಲ್ಲಿ ಈ ಕಾರ್ಡು ಇಲ್ಲ. ಅಲ್ಲಿ ಅಳತೆಗೋಲು ಉಸ್ತಾದನ ಕಣ್ಣು. ಎಷ್ಟು ದಂಡ, ಎಷ್ಟು ಬಸ್ಕಿ, ಯಾರಿಗೆ ಗದೆ, ಯಾರು ಇವತ್ತು ಮಟ್ಟಿಗೆ ಇಳಿಯಬಾರದು ಎಲ್ಲ ಅವನೇ ನೋಡಿ ಹೇಳಬೇಕು. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಸಮಬಲದವರನ್ನು ಎದುರುಬದುರು ಬಿಡುವ ಜಾಣ್ಮೆಯೂ ಅದೇ ಕಣ್ಣಿನದು. ಇಪ್ಪತ್ತು ಹುಡುಗರಿರುವ ಗರಡಿಗೆ ಇದು ಚೆನ್ನಾಗಿ ನಡೆಯುತ್ತದೆ. ನೂರು ಜನರ ತಂಡಕ್ಕೆ ನಡೆಯುವುದಿಲ್ಲ. ಉಸ್ತಾದ ಹೋದರೆ ಅವನ ಲೆಕ್ಕವೂ ಹೋಯಿತು. ಆದರೂ ಒಂದು ವಿಷಯದಲ್ಲಿ ಗರಡಿಯೇ ಮುಂದು: ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಮೆತ್ತಗೆ ಮಾಡುವ ಕೆಲಸ ಪೈಲ್ವಾನರದ್ದೇ. ಅಗೆತವೇ ಸಾಮು. ಅದನ್ನು ಯಾರೂ ದಂಡನೆ ಎಂದುಕೊಳ್ಳುವುದಿಲ್ಲ. ಇಲ್ಲಿ ಅದಕ್ಕೆ ಹತ್ತಿರದ್ದು ಎಂದರೆ ಎತ್ತಿ ಮುಗಿದ ಮೇಲೆ 45 ಪೌಂಡಿನ ಪ್ಲೇಟುಗಳನ್ನು ವಾಪಸ್ ಗೂಟಕ್ಕೆ ಹಾಕುವುದು. ಹೆಸರಾಂತ ಆಟಗಾರ ಅದನ್ನು ಹೊಸಬನಿಗೆ ಬಿಟ್ಟು ಹೊರಟ ತಂಡದಲ್ಲಿ ಉಳಿದದ್ದನ್ನು ಊಹಿಸಬಹುದು.

ಈಗ ಹೆದರಿಕೆಯ ದಾರಿ. ಒಬ್ಬ ತರಗತಿ ತಪ್ಪಿಸಿದ, ಇನ್ನೊಬ್ಬ ಐದು ನಿಮಿಷ ತಡ ಮಾಡಿದ. ಸರಿ, ಅವನ ಗುಂಪೆಲ್ಲ ಓಡಬೇಕು. ‘ಜವಾಬ್ದಾರಿ ಬರುತ್ತದೆ’ ಎನ್ನುವುದು ವಾದ. ನಿಜದಲ್ಲಿ ಆಗುವುದೇ ಬೇರೆ. 85 ಕಿಲೋ ತೂಗುವ ಚುರುಕು ಹುಡುಗ ನಿದ್ದೆ ಮಾಡಿದ್ದಕ್ಕೆ 140 ಕಿಲೋದ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ದೊಡ್ಡ ಮೈಯವನು, ದಂಡ ತೆರುತ್ತಾನೆ. ದೊಡ್ಡ ಮೈಯಲ್ಲಿ ಕಾವು ಹೆಚ್ಚು ಹುಟ್ಟುತ್ತದೆ, ಬೇಗ ಆರುವುದಿಲ್ಲ. ಎರಡನೇ ಸಲಕ್ಕೆ ತಪ್ಪು ಮಾಡಿದವನನ್ನು ಗೆಳೆಯರೇ ಮುಚ್ಚಿಡಲು ಕಲಿಯುತ್ತಾರೆ. ಓಟವನ್ನು ಸಾಮು ಅಲ್ಲ, ಶಿಕ್ಷೆ ಎಂದು ಮೈ ಒಮ್ಮೆ ಕಲಿತರೆ ಮಾರನೆಯ ದಿನದ ಓಟದಲ್ಲಿ ಕಳ್ಳಾಟ ಶುರು. ಕೋಚ್ ಅದಕ್ಕೆ ಇನ್ನೊಂದು ಶಿಕ್ಷೆ ಹುಡುಕುತ್ತಾನೆ.

ಇದರ ಕೊನೆ ಎಲ್ಲಿ ಮುಟ್ಟುತ್ತದೆ ಎನ್ನುವುದಕ್ಕೆ ಅಯೋವಾ ವಿಶ್ವವಿದ್ಯಾಲಯದ 2011ರ ಜನವರಿ ಸಾಕು. ಚಳಿಗಾಲದ ರಜೆ ಮುಗಿಸಿ ಬಂದ ಹುಡುಗರಿಗೆ ನೂರು ಬಸ್ಕಿ, ಅವರವರ ಗರಿಷ್ಠದ ಅರ್ಧ ಭಾರ ಹೆಗಲ ಮೇಲೆ, ಗಡಿಯಾರ ಹಿಡಿದು. ನೂರು ಬಸ್ಕಿ ತಾನೆ, ಗರಡಿಯಲ್ಲಿ ಹುಡುಗರು ಐನೂರು ಹೊಡೆಯುತ್ತಾರಲ್ಲ ಎನ್ನಬೇಡಿ. 500 ಪೌಂಡಿನವನ ಅರ್ಧ ಎಂದರೆ 113 ಕಿಲೋ, ಕ್ವಿಂಟಾಲಿಗೂ ಮೇಲೆ. ನೂರು ಸಲ ಕೂತೆದ್ದರೆ ಹನ್ನೊಂದು ಟನ್ನು ದಾಟುತ್ತದೆ, ಅದೂ ರಜೆಯಲ್ಲಿ ಸಡಿಲಾದ ತೊಡೆಗಳ ಮೇಲೆ. 13 ಆಟಗಾರರು ಆಸ್ಪತ್ರೆ ಸೇರಿದರು. ಕಾಯಿಲೆಯ ಹೆಸರು ರಾಬ್ಡೊಮಯೊಲಿಸಿಸ್: ಸ್ನಾಯುವಿನ ಜೀವಕೋಶ ಒಡೆದು ಅದರೊಳಗಿನ ಮಯೊಗ್ಲೋಬಿನ್ ರಕ್ತಕ್ಕೆ ಸೋರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕುಕ್ಕರಿಸುವಾಗ ಭಾರವನ್ನು ತಡೆದು ತಡೆದು ಇಳಿಸುತ್ತೇವಲ್ಲ, ಸ್ನಾಯು ಹೆಚ್ಚು ಹರಿಯುವುದು ಆ ಇಳಿಕೆಯಲ್ಲೇ. ಇಂಥ ದಿನ ಅಪಾಯ ಸೋಮಾರಿಗಿಂತ ಹುಮ್ಮಸ್ಸಿನವನಿಗೇ ಹೆಚ್ಚು. ಸೋಮಾರಿ ಅರವತ್ತಕ್ಕೇ ಕುಸಿದು ಕೂರುತ್ತಾನೆ. ಹುಮ್ಮಸ್ಸಿನವನನ್ನು ಗೆಳೆಯರು ಕೂಗಿ ಕೂಗಿ ನೂರು ಮುಟ್ಟಿಸುತ್ತಾರೆ. ಯಾವ ಒಗ್ಗಟ್ಟನ್ನು ಬೆಳೆಸಬೇಕೆಂದಿದ್ದರೋ ಅದೇ ಒಗ್ಗಟ್ಟು ನಿಲ್ಲಿಸಲು ಬಿಡುವುದಿಲ್ಲ.

ಇದಕ್ಕೆ ಸುಲಭದ ಲೆಕ್ಕ ಈಗ ಇದೆ. ಕಾಲೇಜು ಸ್ಟ್ರೆಂತ್ ಕೋಚ್‌ಗಳ ಸಂಘವೂ ಎನ್‌ಎಸ್‌ಸಿಎಯೂ ಸೇರಿ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಸುತ್ತು, ಸುತ್ತಿನೊಳಗಿನ ಎಣಿಕೆ, ಗರಿಷ್ಠದಲ್ಲಿ ಎಷ್ಟು ಪಾಲು ಭಾರ ಈ ಮೂರನ್ನೂ ಗುಣಿಸಬೇಕು. ಮೇಲಿನ ಕಾರ್ಡಿನ ಮೊದಲ ವಾರ: 5 × 5 × 0.70, ಅಂದರೆ 17.5. ರಜೆಯಿಂದ ಬಂದ ಮೊದಲ ಎರಡು ವಾರ ಈ ಸಂಖ್ಯೆ 30 ದಾಟಬಾರದು. ನೂರು ಬಸ್ಕಿಯದ್ದು 100 × 0.50, ಐವತ್ತು. ಸೀಮೆಸುಣ್ಣದಲ್ಲಿ ಅರ್ಧ ನಿಮಿಷದ ಗುಣಾಕಾರ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2018ರ ಮೇ 29ರಂದು ನಡೆದದ್ದು ಓಟ: 110 ಗಜ, ಸುಮಾರು ನೂರು ಮೀಟರ್, ಹತ್ತು ಸಲ. ಬಿಡುವಿನ ನಂತರದ ಮೊದಲ ದಿನ. 19 ವರ್ಷದ ಲೈನ್‌ಮನ್ ಜೋರ್ಡನ್ ಮೆಕ್‌ನೇರ್ ಬಿಸಿಲಾಘಾತಕ್ಕೆ ಸಿಕ್ಕಿ ಜೂನ್ 13ರಂದು ತೀರಿಕೊಂಡ. ತಣ್ಣೀರಿನ ತೊಟ್ಟಿಗೆ ಇಳಿಸಲಿಲ್ಲ ಎಂದು ತನಿಖೆ ಹೇಳಿತು. ಬಾಯಿ ಬಿಡಲು ಆಟಗಾರರು ಹೆದರುತ್ತಿದ್ದರು ಎಂದು ಬೇರೊಂದು ವರದಿ ಹೇಳಿತು. ಆ ಹೆದರಿಕೆ ಇಲ್ಲದಿದ್ದಿದ್ದರೆ ತೊಟ್ಟಿಯ ಪ್ರಸಂಗವೇ ಬರುತ್ತಿತ್ತೋ ಇಲ್ಲವೋ. ಇಂಥ ಹೊತ್ತಲ್ಲಿ ಮಾಡಬೇಕಾದ್ದು ಸ್ಪಷ್ಟವಾಗಿದೆ: ಆಂಬುಲೆನ್ಸ್‌ಗೆ ಕರೆ ಕೂಡಲೇ, ಆದರೆ ಮೊದಲು ತಂಪು, ಆಮೇಲೆ ಸಾಗಣೆ. ದನಕ್ಕೆ ನೀರಿಡುವ ತೊಟ್ಟಿಯಷ್ಟು ದೊಡ್ಡದು, ಐಸ್ ಹಾಕಿದ ನೀರು, ಕುತ್ತಿಗೆಯವರೆಗೆ ಮುಳುಗಿಸಿ, ತಲೆ ಹಿಡಿದುಕೊಂಡು, ನೀರು ಕಲಕುತ್ತಾ ಇರಬೇಕು. ಒಳಮೈಯ ಶಾಖ ಅರ್ಧ ಗಂಟೆಯೊಳಗೆ ಸುಮಾರು 39 ಡಿಗ್ರಿಗೆ ಇಳಿಯಬೇಕು. ಕಂಕುಳ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ, ಗುದದ್ವಾರದಲ್ಲೇ ನೋಡಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹುಡುಗರನ್ನು ಓಡಿಸುವ ನಮ್ಮ ಪಿಟಿ ಮೇಷ್ಟ್ರುಗಳ ಹತ್ತಿರ ಅಂಥ ತೊಟ್ಟಿ ಇರಬೇಕು. ಕಟ್ಟಡ ಕಟ್ಟುವವರು ಇಟ್ಟಿಗೆ ನೆನೆಸುವ ತೊಟ್ಟಿಯಾದರೂ ಆದೀತು.

ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮವೇನೋ ಮಾಡಿದೆ. ಋತುವಿಲ್ಲದಾಗ ಓದಿನ ವಾರಕ್ಕೆ 8 ಗಂಟೆ, ಋತುವಿನಲ್ಲಿ 20. ಅದಕ್ಕೂ ಮೀರಿದ್ದು ‘ಸ್ವಇಚ್ಛೆ’ಯದ್ದು, ಬಂದವರ ಪಟ್ಟಿ ಕೋಚ್‌ಗೆ ಹೋಗಬಾರದು. ಆದರೆ ಬಾರದವನು ಆಟಕ್ಕೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ನಮ್ಮ ಕಡೆ ‘ದೇಣಿಗೆ ನಿಮ್ಮಿಷ್ಟ’ ಎಂದು ರಸೀದಿ ಪುಸ್ತಕ ಮುಂದೆ ಹಿಡಿಯುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣೆ.

ಇತ್ತೀಚೆಗೆ ಹೆದರಿಕೆಯ ಬೆಲೆ ಬಿದ್ದಿದೆ. 2021ರಿಂದ ಆಟಗಾರ ಒಂದು ವರ್ಷ ಸುಮ್ಮನೆ ಕೂರದೆಯೇ ಕಾಲೇಜು ಬದಲಿಸಬಹುದು, ತನ್ನ ಹೆಸರನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದು. ‘ನಿಷ್ಠೆ ಸತ್ತಿತು’ ಎಂದು ಹಳೆಯ ಕೋಚ್‌ಗಳು ಗೊಣಗುತ್ತಾರೆ. ಉಸ್ತಾದನನ್ನು ಬಿಟ್ಟು ಇನ್ನೊಂದು ಗರಡಿಗೆ ಹೋದವನ ಬಗ್ಗೆ ನಮ್ಮಲ್ಲೂ ಇದೇ ಗೊಣಗಾಟ. ಬಾಗಿಲು ತೆರೆದಿದ್ದೂ ಹುಡುಗ ಉಳಿದರೆ ಅದನ್ನು ನಿಷ್ಠೆ ಅನ್ನೋಣ. ಚಿಲಕ ಹಾಕಿದಾಗ ಉಳಿದದ್ದಕ್ಕೆ ಬೇರೆ ಹೆಸರಿದೆ.

ಜನವರಿಯ ಮೊದಲ ಸೋಮವಾರಕ್ಕೆ ಒಳ್ಳೆಯ ಸ್ಟ್ರೆಂತ್ ಕೋಚ್ ಹಲಗೆಯ ಮೇಲೆ ಹೀಗೆ ಬರೆಯುತ್ತಾನೆ: ಮಾಮೂಲು ಹತ್ತು ಓಟವಿದ್ದರೆ ಈ ವಾರ ಐದು, ಮುಂದಿನ ವಾರ ಏಳು. ಹದಿನೈದು ಸೆಕೆಂಡು ಓಡಿದರೆ ಈ ವಾರ ಅರವತ್ತು ಸೆಕೆಂಡು ಬಿಡುವು, ಮುಂದಿನ ವಾರ ನಲವತ್ತೈದು. ಲೈನ್‌ಮನ್‌ಗಳ ಗುಂಪು ಬೇರೆ, ಅವರ ಗಡಿಯಾರ ಬೇರೆ. ತಡವಾಗಿ ಬಂದವನು ಓಡುವ ಹಾಗಿಲ್ಲ. ಎಲ್ಲರೂ ಹೋದ ಮೇಲೆ ಪ್ಲೇಟು ಜೋಡಿಸಿ, ನೆಲ ಒರೆಸಿ ಹೊರಡಬೇಕು.