ಆಂಬುಲೆನ್ಸ್ ಗುತ್ತಿಗೆ ಮತ್ತು ಗಡಿಯಾರ

2023ರ ನವೆಂಬರ್‌ನಲ್ಲಿ ನಾನಿರುವ ಅಮೆರಿಕದ ಆರೆಗಾನ್ ರಾಜ್ಯದ ಪತ್ರಿಕೆಯೊಂದರಲ್ಲಿ ಓದಿದ ಸುದ್ದಿ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಪೋರ್ಟ್‌ಲ್ಯಾಂಡ್ ನಗರ ಸೇರಿರುವ ಮಲ್ಟ್ನೋಮಾ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಆಡಳಿತ, ತನ್ನ ತುರ್ತು ಆಂಬುಲೆನ್ಸ್ ಗುತ್ತಿಗೆ ಹಿಡಿದಿರುವ ಅಮೆರಿಕನ್ ಮೆಡಿಕಲ್ ರೆಸ್ಪಾನ್ಸ್ ಎಂಬ ಖಾಸಗಿ ಕಂಪನಿಗೆ, ಆಗಸ್ಟ್ ಒಂದೇ ತಿಂಗಳಲ್ಲಿ ತಡವಾಗಿ ತಲುಪಿದ ವಾಹನಗಳಿಗಾಗಿ ಐದು ಲಕ್ಷ ಡಾಲರ್‌ಗೂ ಮೀರಿದ ದಂಡ ವಿಧಿಸಿತ್ತು. ದಂಡದ ಮೊತ್ತ ದೊಡ್ಡದೇ. ಆದರೆ ಎಷ್ಟು ನಿಮಿಷ ದಾಟಿದರೆ ತಡ ಎಂಬ ಲೆಕ್ಕ ಊರಿನ ಸಾಮಾನ್ಯ ಜನರ ಬಾಯಲ್ಲೂ ಇತ್ತು. ಕರ್ನಾಟಕದಿಂದ ಬಂದ ನನಗೆ ಅದೇ ಹೆಚ್ಚಿನ ಸೋಜಿಗವಾಗಿ ಕಂಡಿತು.

ಆ ಲೆಕ್ಕ ಗುತ್ತಿಗೆಯಲ್ಲೇ ಇದೆ. ನಗರ ಪ್ರದೇಶದಲ್ಲಿ ಪ್ರಾಣಾಪಾಯದ ಕರೆ ಬಂದರೆ ಶೇ. 90ರಷ್ಟು ಸಂದರ್ಭಗಳಲ್ಲಿ ಆಂಬುಲೆನ್ಸ್ ಎಂಟು ನಿಮಿಷದೊಳಗೆ ಮನೆ ಬಾಗಿಲಿಗೆ ಬರಬೇಕು. ಬರದಿದ್ದರೆ ಕಂಪನಿ ದಂಡ ತೆರಬೇಕು. ಈ ಎಂಟು ನಿಮಿಷ ಯಾರೋ ಸುಮ್ಮನೆ ಬರೆದ ಅಂಕಿಯಲ್ಲ. ಹೃದಯ ನಿಂತವರ ಎದೆಯನ್ನು ಒತ್ತುವವರು ಪಕ್ಕದಲ್ಲಿಲ್ಲದಿದ್ದರೆ ಅವರು ಬದುಕುವ ಸಾಧ್ಯತೆ ನಿಮಿಷಕ್ಕೆ ಸುಮಾರು ಶೇ. 7ರಿಂದ 10ರಷ್ಟು ಕುಸಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಕಂಪನಿ ತನ್ನ ಸಮಜಾಯಿಷಿಯನ್ನೂ ಕೊಟ್ಟಿತು: ದೇಶದಾದ್ಯಂತ ಪ್ಯಾರಾಮೆಡಿಕ್‌ಗಳ (ಆಂಬುಲೆನ್ಸ್‌ನಲ್ಲೇ ಮುಂದುವರಿದ ಚಿಕಿತ್ಸೆ ಕೊಡುವ ತರಬೇತಿ ಪಡೆದವರ) ಕೊರತೆಯಿದೆ, ಪ್ರತಿ ವಾಹನದಲ್ಲಿ ಇಬ್ಬರು ಪ್ಯಾರಾಮೆಡಿಕ್‌ಗಳು ಇರಲೇಬೇಕೆಂಬ ಕೌಂಟಿಯ ನಿಯಮವನ್ನು ಸಡಿಲಿಸಿ ಒಬ್ಬ ಪ್ಯಾರಾಮೆಡಿಕ್ ಜೊತೆ ಒಬ್ಬ ಇಎಂಟಿ (ಅದಕ್ಕಿಂತ ಕಡಿಮೆ ತರಬೇತಿಯ ತುರ್ತು ಚಿಕಿತ್ಸಾ ಸಿಬ್ಬಂದಿ) ಸಾಕೆಂದರೆ ಹೆಚ್ಚು ವಾಹನಗಳನ್ನು ರಸ್ತೆಗೆ ಇಳಿಸಬಹುದು ಎಂದು ವಾದಿಸಿತು. ಆ ವಾದ, ಅದಕ್ಕೆ ಕೌಂಟಿ ಕೊಟ್ಟ ಉತ್ತರ, ನಗರದಲ್ಲಿ ಒಂದೂ ಆಂಬುಲೆನ್ಸ್ ಖಾಲಿ ಇಲ್ಲದ ಗಳಿಗೆಗಳ ವಿವರ, ಎಲ್ಲವೂ ಬಹಿರಂಗವಾಗಿಯೇ ನಡೆದವು.

ಇದು ಸಾಧ್ಯವಾಗುವುದಕ್ಕೆ ಒಂದು ಸರಳ ಏರ್ಪಾಡು ಕಾರಣ. ಇಲ್ಲಿ ತುರ್ತು ಸಂಖ್ಯೆ 911ಕ್ಕೆ ಮಾಡಿದ ಕರೆಯನ್ನು ಸ್ವೀಕರಿಸಿ ವಾಹನವನ್ನು ಕಳಿಸುವುದು ನಗರಾಡಳಿತದ್ದೇ ಒಂದು ವಿಭಾಗ. ಕಂಪನಿಯ ಕೈಯಲ್ಲಿರುವುದು ವಾಹನ ಮತ್ತು ಸಿಬ್ಬಂದಿ ಮಾತ್ರ. ಕರೆ ಬಂದ ಗಳಿಗೆ, ವಾಹನ ಹೊರಟ ಗಳಿಗೆ, ಚಕ್ರ ನಿಂತ ಗಳಿಗೆ ಇವೆಲ್ಲ ಸರ್ಕಾರಿ ಕೇಂದ್ರದಲ್ಲಿ ದಾಖಲಾಗುತ್ತವೆ. ಗುತ್ತಿಗೆದಾರ ತನ್ನ ಹಾಜರಿಯನ್ನು ತಾನೇ ಬರೆದುಕೊಳ್ಳುವಂತಿಲ್ಲ.

ನಮ್ಮ 108 ಹುಟ್ಟಿದ್ದು ಬೇರೆ ಮಾದರಿಯಲ್ಲಿ. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಕರೆ ಸ್ವೀಕರಿಸುವ ಕೇಂದ್ರ, ವಾಹನ, ಸಿಬ್ಬಂದಿ, ದಾಖಲೆ ಎಲ್ಲವನ್ನೂ ಹೈದರಾಬಾದ್ ಮೂಲದ ಒಂದೇ ಸಂಸ್ಥೆಗೆ ವಹಿಸಲಾಯಿತು. ಹಣ ಸರ್ಕಾರದ್ದು, ಗಡಿಯಾರ ಸಂಸ್ಥೆಯದ್ದು. 2022ರ ಸೆಪ್ಟೆಂಬರ್ ಕೊನೆಯಲ್ಲಿ ತಾಂತ್ರಿಕ ದೋಷದಿಂದ 108ರ ಕರೆ ಕೇಂದ್ರವೇ ಕೈಕೊಟ್ಟು ರಾಜ್ಯದ ಜನ ಪರದಾಡಿದಾಗ, ಈ ಏರ್ಪಾಡಿನ ಅಪಾಯ ಎಲ್ಲರ ಕಣ್ಣಿಗೂ ಬಿದ್ದಿತ್ತು. ಕೆಲವು ದಿನ ಮಾತಾಡಿದೆವು, ಮರೆತೆವು. ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಟ್ಟಾಗಲೆಲ್ಲ ಮತ್ತೆ ಸ್ವಲ್ಪ ಮಾತಾಡುತ್ತೇವೆ.

ಮರೆಯುವುದಕ್ಕೆ ಕಾರಣ ನಮ್ಮ ಉದಾಸೀನವಷ್ಟೇ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕೃತಜ್ಞತೆಯೂ ಇದಕ್ಕೆ ಕಾರಣ. ನನ್ನ ಸೋದರಮಾವನ ಸೊಸೆಯನ್ನು ಹೆರಿಗೆಗೆಂದು 108ರಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದೊಯ್ಯುವಾಗ ಮಂಡಗದ್ದೆ ದಾಟುವ ಹೊತ್ತಿಗೆ ನೋವು ಜೋರಾಯಿತು. ಪೈಲಟ್, ಅಂದರೆ ಚಾಲಕ, ರಸ್ತೆ ಬದಿಗೆ ಗಾಡಿ ನಿಲ್ಲಿಸಿದ. ಒಳಗಿದ್ದ ಇಎಂಟಿ ಹುಡುಗಿ ಒಂದಿಷ್ಟೂ ಗಾಬರಿಯಾಗದೆ ಹೆರಿಗೆ ಮಾಡಿಸಿ, ಮಗುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ತಾಯಿಯ ಎದೆಯ ಮೇಲಿಟ್ಟು, ಆಮೇಲೆಯೇ ಗಾಡಿ ಹೊರಡಿಸಿದಳು. ಅವರಿಬ್ಬರ ಹೆಸರನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತೇವೆ. ಫೋನ್ ಮಾಡಿದ ಎಷ್ಟು ಹೊತ್ತಿಗೆ ಗಾಡಿ ಬಂತು ಮಾವ ಎಂದು ನಾನು ಕೇಳಿದ್ದಕ್ಕೆ ಅವರು, ‘ಬಂತಲ್ಲ ಮಾರಾಯ, ಅದೇ ದೊಡ್ಡ ಪುಣ್ಯ, ನಿಮಿಷ ಎಣಿಸ್ತಾ ಕೂತಿರ್ತಾರಾ ಯಾರಾದ್ರೂ?’ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆ ಹೊತ್ತಿನಲ್ಲಿ ಮನೆಯವರು ನಿಮಿಷ ಎಣಿಸಲಾರರು. ಅದಕ್ಕೇ ಎಣಿಸುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು, ಎಣಿಸಿದ್ದನ್ನು ಜನರ ಮುಂದೆ ಇಡಬೇಕು. ತೆರಿಗೆಯ ಹಣದಿಂದ ಬರುವ ವಾಹನವನ್ನು ದೇವರ ದಯೆಯಂತೆ ಸ್ವೀಕರಿಸುವ ನಮ್ಮ ಅಭ್ಯಾಸ ಹೋಗದ ಹೊರತು, ಯಾವ ಗುತ್ತಿಗೆಯ ಯಾವ ಷರತ್ತಿಗೂ ಬೆಲೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇಲ್ಲಿನ ವ್ಯವಸ್ಥೆಯ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಇಲ್ಲಿ ಕಂಪನಿಯ ಆದಾಯ ಬರುವುದು ಮುಖ್ಯವಾಗಿ ರೋಗಿಗೂ ಅವರ ವಿಮೆಗೂ ಕಳಿಸುವ ಬಿಲ್ಲಿನಿಂದ. ಅನಿರೀಕ್ಷಿತ ವೈದ್ಯಕೀಯ ಬಿಲ್ಲುಗಳನ್ನು ತಡೆಯಲು 2022ರ ಜನವರಿಯಲ್ಲಿ ಜಾರಿಗೆ ಬಂದ ಅಮೆರಿಕದ ಕೇಂದ್ರ ಕಾನೂನು ಏರ್ ಆಂಬುಲೆನ್ಸನ್ನು ಒಳಗೊಂಡಿತು, ರಸ್ತೆಯ ಆಂಬುಲೆನ್ಸನ್ನು ಹೊರಗಿಟ್ಟಿತು. ಬೇರೆ ರಾಜ್ಯದಲ್ಲಿರುವ ನನ್ನ ಕನ್ನಡಿಗ ಗೆಳೆಯನೊಬ್ಬ, ಎದೆನೋವು ಬಂದ ರಾತ್ರಿ 911ಕ್ಕೆ ಕರೆ ಮಾಡದೆ ಹೆಂಡತಿಗೆ ಕಾರು ತೆಗೆಯಲು ಹೇಳಿದ. ಬಿಲ್ಲಿನ ಭಯ ಅಷ್ಟಿತ್ತು. ಎಂಟು ನಿಮಿಷದ ಗಡಿಯಾರ ಶುರುವಾಗಬೇಕಾದರೆ ಮೊದಲು ಕರೆ ಹೋಗಬೇಕಲ್ಲ. ನಮ್ಮ ಮಾವ ಫೋನ್ ಎತ್ತಿಕೊಂಡಾಗ ಅವರ ಮನಸ್ಸಿನಲ್ಲಿ ದುಡ್ಡಿನ ಯೋಚನೆ ಸುಳಿಯಲೇ ಇಲ್ಲ, ಏಕೆಂದರೆ 108ಕ್ಕೆ ರೋಗಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇದು ಸಣ್ಣ ಸಾಧನೆಯಲ್ಲ, ಇಲ್ಲಿನವರಿಗೆ ಹೇಳಿದರೆ ನಂಬುವುದಿಲ್ಲ. ದಂಡ ಹಾಕಿದ ಮಾತ್ರಕ್ಕೆ ಹೊಸ ಪ್ಯಾರಾಮೆಡಿಕ್ ಹುಟ್ಟುವುದಿಲ್ಲ ಎಂಬುದನ್ನೂ ಒಪ್ಪಬೇಕು. ಇಲ್ಲಿನ ಜಗಳ 2024ರ ಆಗಸ್ಟ್‌ನಲ್ಲಿ ರಾಜಿಗೆ ಬಂದದ್ದು ಕೌಂಟಿ ತನ್ನ ಇಬ್ಬರು ಪ್ಯಾರಾಮೆಡಿಕ್‌ಗಳ ಪಟ್ಟನ್ನು ಸಡಿಲಿಸಿದ ಮೇಲೆ.

ಆದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. 108 ಸೇವೆಯನ್ನು ಏಜೆನ್ಸಿಯಿಂದ ಬಿಡಿಸಿಕೊಂಡು ತಾನೇ ನಡೆಸುವುದಾಗಿ ನಮ್ಮ ಆರೋಗ್ಯ ಇಲಾಖೆ 2025ರಲ್ಲಿ ಹೇಳಿತು. ಊರಿನ ಗೆಳೆಯರು ಇದನ್ನು ಸಂಭ್ರಮದಿಂದ ನನಗೆ ತಿಳಿಸಿದರು. ಖಾಸಗಿಯವರ ಬದಲು ಸರ್ಕಾರ ಬಂದರೆ ಒಳ್ಳೆಯದಾಗಬಹುದು, ಆಗಲಿ. ಆದರೆ ಕರೆ ಕೇಂದ್ರವನ್ನೂ ವಾಹನವನ್ನೂ ದಾಖಲೆಯನ್ನೂ ಇಲಾಖೆಯೊಂದೇ ಇಟ್ಟುಕೊಂಡರೆ, ಸಂಸ್ಥೆಯ ಕೈಯಲ್ಲಿದ್ದ ಗಡಿಯಾರ ಇಲಾಖೆಯ ಕೈಗೆ ಹೋಗುತ್ತದೆ, ಅಷ್ಟೇ. ಪೊಲೀಸ್ ಇಲಾಖೆ ನಡೆಸುವ ತುರ್ತು ಕರೆ ಕೇಂದ್ರ 112 ನಮ್ಮಲ್ಲಿ ಈಗಾಗಲೇ ಇದೆ. ಕರೆಗಳ ಸಮಯ ಅಲ್ಲಿ ದಾಖಲಾಗಲಿ, ತಾಲ್ಲೂಕುವಾರು ಅಂಕಿಗಳು ಪ್ರತಿ ತಿಂಗಳು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೂ ಇಲಾಖೆಯ ಜಾಲತಾಣದಲ್ಲೂ ಕಾಣಲಿ. ಮಲೆನಾಡಿನ ದಾರಿಗೆ ಬೆಂಗಳೂರಿನ ನಿಮಿಷಗಳನ್ನು ಹೇರಬೇಕಾಗಿಲ್ಲ. ತೀರ್ಥಹಳ್ಳಿಗೆ ಎಷ್ಟು ನಿಮಿಷ ಎಂಬುದನ್ನು ತೀರ್ಥಹಳ್ಳಿಯವರ ಎದುರಿಗೇ ಗೊತ್ತುಮಾಡಲಿ. ಮೊದಲ ಕೆಲವು ತಿಂಗಳ ಅಂಕಿಗಳು ಕೆಟ್ಟದಾಗಿರುತ್ತವೆ, ವಿರೋಧ ಪಕ್ಷದವರು ಅದನ್ನು ಹಿಡಿದು ಕೂಗಾಡುತ್ತಾರೆ. ಕೂಗಾಡಲಿ, ಇಲಾಖೆ ಅದಕ್ಕೆ ಹೆದರಿ ಗೋಡೆಯ ಮೇಲಿನ ಪಟ್ಟಿಯನ್ನು ತೆಗೆಸದಿದ್ದರೆ ಸಾಕು.